ಸುಣ್ಣದ ಚೌಕದಲ್ಲಿ ಒಮ್ಮೆ ನಿಲ್ಲಲಿ

ನಾನು ಮೈಕಿನ ಮುಂದೆ ಬರುವುದಕ್ಕೆ ಮೊದಲೇ ಗಡಿಯಾರ ನೋಡಲು ಶುರುಮಾಡಿರುವ ಅಧ್ಯಕ್ಷರಾದ ನೊಮಿಯಾಮಾ ಅವರೇ, ಇಂಥ ವರ್ಷದಲ್ಲೂ ಧೈರ್ಯ ಮಾಡಿ ಅಭಿಮಾನಿಗಳ ನಡುವೆ ಬಂದು ಕುಳಿತಿರುವ ಮುಖ್ಯ ಅತಿಥಿಗಳೂ ನಮ್ಮ ತಂಡದ ಆಡಳಿತ ನಿರ್ದೇಶಕರೂ ಆದ ತೊಕುನಾಗಾ ಅವರೇ, ಇಂದಿನಿಂದ ನನ್ನ ತುತ್ತೂರಿಯ ಹೊಣೆ ಹೊರಲಿರುವ ಚಿನಾತ್ಸು ಅವರೇ, ಬಲಗಡೆಯ ಗ್ಯಾಲರಿಯಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡಿರುವ ನನ್ನ ಪ್ರೀತಿಯ ಸಭಿಕರೇ,

ಹೂಗುಚ್ಛ ಕೊಟ್ಟಿರಿ, ಸಂತೋಷ. ಇಷ್ಟು ವರ್ಷ ಹಾಡು ಕಟ್ಟಿದ್ದಕ್ಕೆ, ತುತ್ತೂರಿ ಊದಿದ್ದಕ್ಕೆ ಸನ್ಮಾನ ಎಂದಿರಿ, ಅದೂ ಸಂತೋಷ. ಮುಗಿಯುತ್ತಿರುವ ವರ್ಷದ ಕಹಿಯನ್ನೆಲ್ಲ ಮರೆಯಲೆಂದೇ ನಾವು ಡಿಸೆಂಬರಿನಲ್ಲಿ ಈ ಕೂಟ ಮಾಡುತ್ತೇವೆ. ಮರೆಯಲು ಸಹಾಯವಾಗಲೆಂದೇ ಮೇಜಿನ ಮೇಲೆ ಬಿಯರು ಇಟ್ಟಿರುತ್ತೇವೆ. ಆದರೆ ಶಿಯೊಹಾಮಾ ಕೊಕ್ಕರೆಗಳು ಬೇಸ್‌ಬಾಲ್ ತಂಡದ ಅಭಿಮಾನಿ ಎಲ್ಲವನ್ನೂ ಮರೆಯಬೇಕಾದರೆ ಈ ಹೋಟೆಲಿನವರು ಬಂದರಿನಿಂದ ಇನ್ನೊಂದು ಹಡಗು ಬಿಯರು ತರಿಸಬೇಕಾಗುತ್ತದೆ. ನಗಬೇಡಿ. ತೊಕುನಾಗಾ ಅವರು ನಕ್ಕಮೇಲೆ ನಗಿ.

ನಮ್ಮ ತಂಡದ ಚಿಹ್ನೆ ಕೊಕ್ಕರೆ. ಕೊಕ್ಕರೆ ಹೇಗೆ ನಿಲ್ಲುತ್ತದೆ? ಒಂದು ಕಾಲಿನ ಮೇಲೆ. ನಮ್ಮ ಹಿರಿಯರು ತಾಳ್ಮೆಯ ಗುರುತೆಂದು ಆ ಹಕ್ಕಿಯನ್ನು ಆರಿಸಿದರು. ನಮ್ಮ ಆಡಳಿತದವರು ಅದನ್ನೇ ಅರ್ಹತೆ ಎಂದುಕೊಂಡರು. ಒಂದೇ ಕಾಲು ನೆಟ್ಟಗಿರುವವರನ್ನು ಹುಡುಕಿ ಹುಡುಕಿ ತಂದರು. ಭುಜ ಹೊಲಿಸಿಕೊಂಡ ಪಿಚರು ಚೆಂಡೆಸೆಯಲು ಬಂದ. ಬೆನ್ನು ಹಿಡಿದುಕೊಂಡು ವಿಮಾನ ಇಳಿದ ಕ್ಯಾಚರು ಬಂದ. ಇನ್ನೊಬ್ಬ ಬಂದ, ಸ್ವಾಗತಕ್ಕೆ ಕೊಟ್ಟ ಹೂಗುಚ್ಛ ಎತ್ತಿಕೊಳ್ಳಲು ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ. ಅದಕ್ಕೇ ಇವತ್ತು ಹೂಗುಚ್ಛ ತೆಗೆದುಕೊಳ್ಳುವಾಗ ನಾನೂ ಸ್ವಲ್ಪ ಹುಷಾರಾಗಿದ್ದೆ.

ನಾನು ಮೀನಿನ ಕಡುಬು ಮಾಡಿ ಮಾರುವವನು. ಬೆಳಗ್ಗೆ ಬಂದರಿನ ಹರಾಜಿಗೆ ಹೋದರೆ ಮೀನಿನ ಕಿವಿರು ಎತ್ತಿ ನೋಡುತ್ತೇನೆ, ಕಣ್ಣು ನೋಡುತ್ತೇನೆ, ಹೊಟ್ಟೆ ಒತ್ತಿ ನೋಡುತ್ತೇನೆ. ಸಂಜೆಯೊಳಗೆ ತಿಂದು ಮುಗಿಯುವ ಮೀನನ್ನೇ ಇಷ್ಟು ನೋಡುತ್ತೇವೆ. ನಾಲ್ಕು ವರ್ಷ ಆಡಬೇಕಾದ ಮನುಷ್ಯನ ಮೊಣಕಾಲನ್ನು ಯಾರೂ ಒತ್ತಿ ನೋಡುವುದಿಲ್ಲವೇ? ನನ್ನ ಅಂಗಡಿಗೆ ಬರುವ ಗಿರಾಕಿಗಳು ಕಡುಬಿಗಿಂತ ಮೊದಲು ಇದನ್ನೇ ಕೇಳುತ್ತಾರೆ. "ಯಜಮಾನ್ರೇ, ನಿಮ್ಮ ತಂಡಕ್ಕೆ ಕೋಚ್ ಯಾಕ್ರೀ ಬೇಕು, ಒಬ್ಬ ನರ್ಸಮ್ಮ ಸಾಕಲ್ವಾ?" ನಾನು ಕಡುಬು ಕಟ್ಟಿಕೊಡುತ್ತೇನೆ.

ತೊಕುನಾಗಾ ಅವರು ಪ್ರತಿ ಚಳಿಗಾಲದಲ್ಲೂ ಪತ್ರಿಕೆಯವರ ಮುಂದೆ ಒಂದೇ ಮಾತು ಹೇಳುತ್ತಾರೆ. "ಚೇತರಿಸಿಕೊಂಡರೆ ಈತ ನಮಗೆ ಅಗ್ಗದಲ್ಲಿ ಸಿಕ್ಕ ನಿಧಿ." ಚೇತರಿಸಿಕೊಂಡರೆ! ಸಭಿಕರೇ, ನಾವೆಲ್ಲ ನಮ್ಮ ಅರ್ಧ ಆಯುಸ್ಸನ್ನು ಈ ಒಂದು ಮಾತಿನ ಕೆಳಗೆ ಕುಳಿತು ಕಳೆದಿದ್ದೇವೆ. ಆಡಿ ಸೋತರೆ ದುಃಖ ಇಲ್ಲ. ಸೋಲು ನಮಗೆ ಅಭ್ಯಾಸ. ಆದರೆ ಆಡದೇ ಇರುವವನಿಗಾಗಿ ಕಾಯುವುದಿದೆಯಲ್ಲ, ಅದು ಮನುಷ್ಯನನ್ನು ಒಳಗಿನಿಂದ ಸವೆಸುತ್ತದೆ. ಸೋತವನನ್ನು ಬೈಯಬಹುದು. ಬಾರದವನನ್ನು ಏನೆಂದು ಬೈಯುವುದು?

ಇನ್ನು ಹಾಡಿನ ವಿಷಯ. ಇಲ್ಲಿರುವ ಹೊಸಬರಿಗೆ ನಮ್ಮ ನಿಯಮವನ್ನು ಮತ್ತೊಮ್ಮೆ ಹೇಳುತ್ತೇನೆ. ತಂಡಕ್ಕೆ ಬಂದ ಪ್ರತಿ ಬ್ಯಾಟುಗಾರನಿಗೂ ನಮ್ಮ ಸಂಘ ಒಂದು ಹಾಡು ಕಟ್ಟುತ್ತದೆ. ಅವನ ಹೆಸರಿನಲ್ಲಿ, ಅವನಿಗೆ ಮಾತ್ರ. ನದಿಯ ದಂಡೆಯಲ್ಲಿ, ಸೇತುವೆಯ ಕೆಳಗೆ ನಿಂತು ಅಭ್ಯಾಸ ಮಾಡುತ್ತೇವೆ. ಆದರೆ ಅವನು ನಮ್ಮೂರಿನ ಮೈದಾನದಲ್ಲಿ ಬ್ಯಾಟು ಹಿಡಿದು, ಹೊಡೆಯುವವನು ನಿಲ್ಲಲೆಂದು ಗೆರೆ ಎಳೆದ ಆ ಸುಣ್ಣದ ಚೌಕದೊಳಗೆ ಮೊದಲ ಸಲ ಕಾಲಿಡುವ ತನಕ ಆ ಹಾಡನ್ನು ಅವನ ಕಿವಿಗೆ ಬೀಳಿಸುವುದಿಲ್ಲ, ಸಭೆಯಲ್ಲಿ ಹಾಡುವುದಿಲ್ಲ. ಕಾಲಿಟ್ಟ ಕೂಡಲೇ ಇಡೀ ಗ್ಯಾಲರಿ ಎದ್ದು ಹಾಡುತ್ತದೆ. ಬೇರೆ ದೇಶದಿಂದ ಬಂದು ದಿಕ್ಕು ತೋಚದೆ ನಿಂತ ಹುಡುಗ ತನ್ನ ಹೆಸರು ಕೇಳಿ ತಿರುಗಿ ನಮ್ಮ ಕಡೆ ನೋಡುತ್ತಾನೆ. ಆ ಒಂದು ನೋಟವೇ ನಮಗೆ ಸಂಬಳ. ಕಾಲಿಡದೇ ಹೋದವನ ಹಾಡು ಹಾಗೇ ಸತ್ತುಹೋಗುತ್ತದೆ. ಈಚೀಚೆಗೆ ನಾನು ಕಟ್ಟಿದ ಹಾಡುಗಳಲ್ಲಿ ಬದುಕಿದ್ದಕ್ಕಿಂತ ಸತ್ತದ್ದೇ ಹೆಚ್ಚು.

ಈ ವರ್ಷದ ಹಾಡನ್ನು ಕಟ್ಟಿದ್ದು ನಾನಲ್ಲ. ಅದು ನಿಮಗೆ ಗೊತ್ತು. ನನ್ನ ಹೆಂಡತಿ ಸುಮಿಯೆ ಕಟ್ಟಿದಳು.

ಅವಳ ಬಗ್ಗೆ ಇವತ್ತು ಮಾತಾಡುವುದಿಲ್ಲ ಎಂದು ಮನೆಯಿಂದ ಹೊರಡುವಾಗ ನಿಶ್ಚಯ ಮಾಡಿಕೊಂಡಿದ್ದೆ. ಎರಡೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಸುಮಿಯೆಗೆ ಹುಡುಗಿಯಾಗಿದ್ದಾಗಿನಿಂದ ಶ್ವಾಸಕೋಶದ ತೊಂದರೆ. ತುತ್ತೂರಿ ಊದುವ ಹಾಗಿರಲಿಲ್ಲ, ಜೋರಾಗಿ ಕೂಗುವ ಹಾಗಿರಲಿಲ್ಲ. ಗ್ಯಾಲರಿಯಲ್ಲಿ ನನ್ನ ಪಕ್ಕ ಕುಳಿತು ಎರಡು ಪ್ಲಾಸ್ಟಿಕ್ ಕೋಲು ತಟ್ಟುತ್ತಿದ್ದಳು. ನಾನು ತಾಳ ತಪ್ಪಿದರೆ ಅದೇ ಕೋಲಿನಿಂದ ನನ್ನ ಮಂಡಿಗೆ ಒಂದು ಬಿಡುತ್ತಿದ್ದಳು.

ಫೆಬ್ರವರಿಯಲ್ಲಿ ತೊಕುನಾಗಾ ಅವರು ಡೊಮಿನಿಕನ್ ದೇಶದಿಂದ ಎವಾರಿಸ್ಟೋ ಪೆನ್ಯಾನನ್ನು ಕರೆತಂದರು. ತೊಡೆಯ ಸ್ನಾಯು ಹಿಂದೆಯೇ ಹರಿದಿತ್ತಂತೆ, ಈಗ ಕೂಡಿಕೊಂಡಿದೆಯಂತೆ, ಚೇತರಿಸಿಕೊಂಡರೆ ನಿಧಿಯಂತೆ. ನಾನು ಪತ್ರಿಕೆಯನ್ನು ಮುದ್ದೆ ಮಾಡಿ ಎಸೆದೆ. "ಮತ್ತೆ ಮುರುಕು ಸಾಮಾನು ತಂದ್ರು ನೋಡು. ಇವನಿಗೆ ನಾನು ಹಾಡು ಕಟ್ಟಲ್ಲ," ಎಂದೆ. ಸುಮಿಯೆ ಆಗ ಹಾಸಿಗೆ ಹಿಡಿದಿದ್ದಳು. ಅಲ್ಲಿಂದಲೇ ನಕ್ಕಳು.

"ರೀ, ನಾನು ಮದುವೆಯಾಗಿ ಬಂದಾಗ ನಿಮ್ಮಮ್ಮ ಇದೇ ಮಾತು ಅಂದಿದ್ರು, ನೆನಪಿದ್ಯಾ?" ಎಂದಳು.

ನೆನಪಿತ್ತು. ನಮ್ಮಮ್ಮ ಅಡುಗೆಮನೆಯಲ್ಲಿ, ಇವಳಿಗೆ ಕೇಳಲೆಂದೇ, "ಲೋ ಮಸಾನೊರಿ, ಊರಲ್ಲಿ ಗಟ್ಟಿಮುಟ್ಟಾದ ಹುಡುಗೀರು ಯಾರೂ ಇರ್ಲಿಲ್ವೇನೋ? ಕೆಮ್ಮೋ ಸಾಮಾನು ತಂದಿಟ್ಟೆಯಲ್ಲೋ," ಎಂದಿದ್ದಳು. ಕಡುಬಿನ ಒಲೆಯ ಹೊಗೆಯಲ್ಲಿ ಇವಳು ಎರಡು ವರ್ಷವೂ ನಿಲ್ಲುವುದಿಲ್ಲ ಎಂದು ಬೀದಿಯೆಲ್ಲ ಮಾತಾಡಿಕೊಂಡಿತ್ತು. ನಿಂತಳು. ಕೆಮ್ಮುತ್ತ ಕೆಮ್ಮುತ್ತಲೇ ನಿಂತಳು. ಅಂಗಡಿ ಸಂಭಾಳಿಸಿದಳು, ಅದೇ ಅತ್ತೆಯ ಕೊನೆಗಾಲದಲ್ಲಿ ಗಂಜಿ ಕುಡಿಸಿದಳು, ಮಳೆಯಲ್ಲೂ ಗ್ಯಾಲರಿಗೆ ಬಂದಳು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ಎರಡು ಮಾತು ಎಂದಿದ್ದೆ. ಕ್ಷಮಿಸಿ. ಅಧ್ಯಕ್ಷರೇ, ಗಡಿಯಾರವನ್ನು ಸ್ವಲ್ಪ ಮಗುಚಿಡಿ.

ನಾನು ಕಟ್ಟುವುದಿಲ್ಲ ಎಂದಮೇಲೆ ಪೆನ್ಯಾನ ಹಾಡನ್ನು ಅವಳೇ ಕಟ್ಟಿದಳು. ಅವಳು ಮಲಗಿದಲ್ಲೇ ಗುನುಗುವುದು, ನಾನು ಪಕ್ಕದಲ್ಲಿ ಕುಳಿತು ತುತ್ತೂರಿಯ ಬಾಯಿ ಮುಚ್ಚಿ ಮೆಲ್ಲಗೆ ಊದಿ ತೋರಿಸುವುದು, ಅವಳು ತಪ್ಪು ತಿದ್ದುವುದು. ಒಳ್ಳೆಯ ಹಾಡು. ನಾನು ಕಟ್ಟಿದ ಯಾವ ಹಾಡಿಗಿಂತಲೂ ಒಳ್ಳೆಯದು. ನಡುವೆ ಒಂದು ಕಡೆ ರಾಗ ನಿಂತುಬಿಡುತ್ತದೆ. ಸೇತುವೆಯ ಕೆಳಗೆ ಅಭ್ಯಾಸ ಮಾಡುವಾಗ ಚಿನಾತ್ಸು ಕೇಳಿದಳು, "ಯಜಮಾನ್ರೇ, ಇಲ್ಲಿ ಯಾಕೆ ಇಷ್ಟುದ್ದ ಖಾಲಿ? ಜನ ಹಾಡು ಮುಗೀತು ಅಂದ್ಕೊಂಡು ಕೂತ್ಬಿಡ್ತಾರೆ." ನಾನು ಮನೆಗೆ ಬಂದು ಸುಮಿಯೆಯನ್ನು ಕೇಳಿದೆ. "ಅಲ್ಲಿ ಜನ ಎರಡು ಸಲ ಚಪ್ಪಾಳೆ ಹೊಡೀಲಿ," ಎಂದಳು. ಹಾಗೆಯೇ ನಿಮಗೆಲ್ಲ ಕಲಿಸಿದೆ.

ಪೆನ್ಯಾ ಏನಾದ ಎಂದು ನಿಮಗೆ ಹೇಳಬೇಕಾಗಿಲ್ಲ. ವಸಂತದ ಶಿಬಿರದಲ್ಲಿ ಓಡುವಾಗಲೇ ಅದೇ ತೊಡೆ ಹಿಡಿದುಕೊಂಡ. ಏಪ್ರಿಲ್‌ನಲ್ಲಿ ಬರುತ್ತಾನೆ ಎಂದರು. ಮೇ ಎಂದರು. ಆಮೇಲೆ ಮಣಿಕಟ್ಟು ಎಂದರು. ಸುಮಿಯೆ ದಿನಾ ಸಂಜೆ ರೇಡಿಯೋ ಹಚ್ಚಿಸಿಕೊಂಡು ಆಡುವವರ ಹೆಸರು ಓದುವುದನ್ನು ಕೇಳುತ್ತಿದ್ದಳು. ಅವನ ಹೆಸರು ಬರದಿದ್ದರೆ "ಸರಿ, ಆರಿಸಿ," ಎನ್ನುತ್ತಿದ್ದಳು. ಪಂದ್ಯ ಕೇಳುತ್ತಿರಲಿಲ್ಲ.

ಜುಲೈನಲ್ಲಿ ತಂಡ ಅವನನ್ನು ಕೈಬಿಟ್ಟಿತು. ಊರಿಗೆ ಹೊರಡುವ ಮುನ್ನ ಅವನು ದುಭಾಷಿಯನ್ನು ಕರೆದುಕೊಂಡು ನಮ್ಮ ಅಂಗಡಿ ಹುಡುಕಿಕೊಂಡು ಬಂದ. ಕುಂಟುತ್ತಿದ್ದ. ಬೆಟ್ಟದಂಥ ಹುಡುಗ, ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತು, "ನನ್ನ ಹೆಸರಲ್ಲಿ ಒಂದು ಹಾಡು ಇದೆಯಂತೆ. ಒಂದು ಸಲ ಕೇಳಿಸ್ತೀರಾ?" ಎಂದು ದುಭಾಷಿಯಿಂದ ಕೇಳಿಸಿದ. ಹಾಳಾಗಿ ಹೋಗಲಿ ನಿಯಮ ಎಂದು ತುತ್ತೂರಿ ತರಲು ಒಳಗೆ ಹೊರಟೆ. ಮಹಡಿಯ ಮೇಲಿನ ಕೋಣೆಯಿಂದ ಸುಮಿಯೆ ಇಳಿದು ಬಂದಳು. ಮೆಟ್ಟಿಲು ಇಳಿಯಬಾರದೆಂದು ಡಾಕ್ಟರು ಹೇಳಿದ್ದರು. ಗೋಡೆ ಹಿಡಿದು ನಿಂತು, ಉಸಿರು ಕೂಡಿಸಿಕೊಂಡು, ಆ ಹುಡುಗನಿಗೆ ಹೇಳಿದಳು: "ಕೇಳಿಸಲ್ಲಪ್ಪ. ಕಾಲು ವಾಸಿ ಮಾಡ್ಕೊಂಡು ವಾಪಸ್ ಬಾ. ಬಂದು ಚೌಕದಲ್ಲಿ ನಿಂತ್ಕೋ. ಆಗ ಊರೆಲ್ಲ ಕೇಳೋ ಹಾಗೆ ಹಾಡ್ತೀವಿ."

ದುಭಾಷಿ ಹೇಳಿದ. ಹುಡುಗ ಟೋಪಿ ತೆಗೆದು ಸೊಂಟದವರೆಗೆ ಬಾಗಿದ. ಬರುತ್ತೇನೆ ಎಂದ. ಇಬ್ಬರಿಗೂ ಗೊತ್ತಿತ್ತು, ಅವನು ಬರುವುದಿಲ್ಲ, ಬಂದರೂ ಇವಳು ಇರುವುದಿಲ್ಲ. ಆದರೂ ಇಬ್ಬರೂ ನಗುತ್ತಾ ಮಾತು ಕೊಟ್ಟುಕೊಂಡರು. ನಾನು ಅವನಿಗೆ ಕಡುಬು ಕಟ್ಟಿಕೊಟ್ಟೆ. ನನಗೆ ಇನ್ನೇನು ಬರುತ್ತದೆ?

ಆಗಸ್ಟಿನಲ್ಲಿ ಅವಳು ಹೋದಳು. ಹೋಗುವ ಮುಂಚೆ ನನ್ನನ್ನು ಕರೆದು, "ರೀ, ಆ ಹಾಡನ್ನ ಸಾಯಿಸಬೇಡಿ. ಮುಂದಿನ ವರ್ಷ ಇನ್ನೊಬ್ಬ ಮುರುಕ ಬರ್ತಾನೆ, ಅವನಿಗೆ ಕೊಡಿ. ನಮ್ಮ ಆಡಳಿತದವರ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ," ಎಂದಳು.

ಈಗ ನಗಬಹುದು. ತೊಕುನಾಗಾ ಅವರೂ ನಗಬಹುದು. ಯಾಕೆಂದರೆ ಅವರು ಅವಳ ನಂಬಿಕೆ ಸುಳ್ಳು ಮಾಡಲಿಲ್ಲ. ಹೋದ ವಾರ ಪತ್ರಿಕೆಯಲ್ಲಿ ಬಂತಲ್ಲ, ಅಮೆರಿಕದ ವೆಂಡೆಲ್ ಕ್ರೋಲ್, ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿದೆ, ಚೇತರಿಸಿಕೊಂಡರೆ ನಿಧಿ. ಇಂದಿನ ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ "ಹೊಸ ಆಟಗಾರನ ಹಾಡಿನ ಘೋಷಣೆ" ಎಂದು ಹಾಕಿದ್ದೀರಿ. ಇಲ್ಲಿ ನಿಂತು, ಇವನಿಗೂ ಹಾಡು ಕಟ್ಟುವುದಿಲ್ಲ ಎಂದು ಹೇಳಿ, ನಿರ್ದೇಶಕರಿಗೆ ನಾಲ್ಕು ಮಾತು ಕೇಳಿಸಿ, ಹೂಗುಚ್ಛ ಹಿಡಿದುಕೊಂಡು ಮನೆಗೆ ಹೋಗುವುದು ನನ್ನ ಯೋಚನೆಯಾಗಿತ್ತು. ಎಲ್ಲಿ ಶುರುಮಾಡಿದೆ, ಎಲ್ಲಿಗೆ ಬಂದುಬಿಟ್ಟೆ.

ತೊಕುನಾಗಾ ಅವರೇ, ಈಗ ನೀವು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು. ಈ ಮುದುಕನೂ ಒಂದು ಕಾಲದಲ್ಲಿ ಕೆಮ್ಮುವವಳನ್ನೇ ಆರಿಸಿ ತಂದವನು, ನನಗೇನು ಬುದ್ಧಿ ಹೇಳುತ್ತಾನೆ ಎಂದು. ನಿಜ. ಒಂದೇ ಒಂದು ವ್ಯತ್ಯಾಸ. ನಾನು ಅವಳನ್ನು ಅಗ್ಗದಲ್ಲಿ ಸಿಕ್ಕಳೆಂದು ತರಲಿಲ್ಲ. ನನಗೆ ಬೇರೆ ಯಾರೂ ಬೇಡವಾಗಿದ್ದರಿಂದ ತಂದೆ. ಕೆಮ್ಮು ನಿಂತರೆ ಇಟ್ಟುಕೊಳ್ಳುತ್ತೇನೆ ಎಂದು ಯಾರಿಗೂ ಹೇಳಲಿಲ್ಲ. ಗಾಯಗೊಂಡವರನ್ನು ತರಬೇಡಿ ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ತಂದಮೇಲೆ ಜುಲೈನಲ್ಲಿ ಕೈಬಿಡಬೇಡಿ ಎಂದು ಮಾತ್ರ ಕೇಳುತ್ತೇನೆ. ಆ ಕ್ರೋಲ್ ಕುಂಟಿಕೊಂಡಾದರೂ ಒಂದು ಸಲ ಸುಣ್ಣದ ಚೌಕದಲ್ಲಿ ನಿಲ್ಲಲಿ. ಚೆಂಡು ಹೊಡೆಯುವುದೂ ಬೇಡ. ಮೂರು ಚೆಂಡಿಗೆ ಔಟಾಗಿ ಹೋಗಲಿ. ಅಷ್ಟರಲ್ಲಿ ಹಾಡು ಒಂದು ಸಲ ಮುಗಿಯುತ್ತದೆ.

ಚಿನಾತ್ಸು, ಇಲ್ಲಿ ಬಾಮ್ಮ, ತುತ್ತೂರಿಯ ಪೆಟ್ಟಿಗೆ ತಗೋ. ಹಿಡಿಕೆ ಸಡಿಲ ಇದೆ, ತಳಕ್ಕೆ ಕೈ ಕೊಡು. ಪೆನ್ಯಾನ ಹೆಸರಿದ್ದಲ್ಲಿ ಕ್ರೋಲ್‌ನ ಹೆಸರು ಕೂರಿಸು. ಉಳಿದದ್ದೇನೂ ಬದಲಾಯಿಸಬೇಡ. ನಡುವಿನ ಆ ಖಾಲಿ ಜಾಗವನ್ನು ಮಾತ್ರ ಯಾವ ಕಾರಣಕ್ಕೂ ತುಂಬಬೇಡ. ಅದು ಚಪ್ಪಾಳೆಗೆಂದು ಬಿಟ್ಟ ಜಾಗ ಅಲ್ಲ. ನನಗೆ ಅವಳು ಹೋದಮೇಲೆ ಒಬ್ಬನೇ ಅಭ್ಯಾಸ ಮಾಡುವಾಗ ಗೊತ್ತಾಯಿತು. ಗುನುಗುತ್ತಾ ಗುನುಗುತ್ತಾ ಅವಳು ಉಸಿರು ಸಿಗದೆ ನಿಂತ ಜಾಗ ಅದು. ಪ್ರತಿ ಸಲವೂ ಅಲ್ಲೇ ನಿಲ್ಲುತ್ತಿದ್ದಳು, ನಾನು ರಾಗವೇ ಹಾಗಿದೆ ಎಂದುಕೊಂಡೆ.

ಇಲ್ಲೇ ಒಂದು ಸಲ ಊದಿ ಎಂದು ಹಿಂದಿನ ಮೇಜಿನವರು ಕೂಗುತ್ತಿದ್ದೀರಿ. ಕೇಳಿಸಿತು. ಊದುವುದಿಲ್ಲ. ಆ ಪೆನ್ಯಾನಿಗೇ ಅವಳು ಕೇಳಿಸಲಿಲ್ಲ. ಕ್ರೋಲ್ ಚೌಕದಲ್ಲಿ ನಿಲ್ಲುವ ದಿನಕ್ಕೆ ನೀವು ಕಾಯಿರಿ, ನಾನೂ ಎಂದಿನ ಜಾಗದಲ್ಲಿ ಕುಳಿತು ಕಾಯುತ್ತೇನೆ. ಆ ದಿನ ರಾಗ ನಿಂತಾಗ ನೀವು ಎರಡು ಸಲ ಚಪ್ಪಾಳೆ ಹೊಡೆಯಿರಿ, ಅವಳು ಹೇಳಿಕೊಟ್ಟದ್ದು ಹಾಗೆಯೇ ನಡೆಯಲಿ. ನಾನು ಹೊಡೆಯುವುದಿಲ್ಲ. ಮುಂದಿನ ಸಾಲು ಬರುವ ತನಕ ಉಸಿರು ಹಿಡಿದು ಕುಳಿತಿರುತ್ತೇನೆ.

ಇಷ್ಟು ಹೊತ್ತು ಬಿಯರು ಬೆಚ್ಚಗಾಗುವುದನ್ನೂ ಸಹಿಸಿಕೊಂಡು ಕೇಳಿದ ನಿಮಗೆ, ಸನ್ಮಾನಿಸಿದ ಸಂಘಕ್ಕೆ, ಮಧ್ಯದಲ್ಲಿ ಎದ್ದುಹೋಗದ ತೊಕುನಾಗಾ ಅವರಿಗೆ ನನ್ನದೂ ಸುಮಿಯೆಯದೂ ಸೇರಿಸಿ ಧನ್ಯವಾದ ಹೇಳುತ್ತೇನೆ. ನಮಸ್ಕಾರ.