ಆರನೆಯ ಸಾಲು

...ಬೇಡ ಬೇಡ, ನೀನು ಹೊಲೀತಾ ಇರು ತಾಯಿ. ನಾಳೆ ಶಾಲೆ ಶುರು, ಇನ್ನೂ ಇಪ್ಪತ್ತು ಲಂಗಕ್ಕೆ ನೆರಿಗೆ ಹಿಡೀಬೇಕು ಅಂತ ನೀನೇ ಅಂದೆಯಲ್ಲ. ನಾನು ಈ ಬಟ್ಟೆ ಕಟ್ಟು ಸರಿಸಿ ಇಲ್ಲೇ ಮೂಲೇಲಿ ಕೂತ್ಕೋತೀನಿ. ನನಗೆ ಬೇಕಾದ್ದು ಒಂದು ಸಹಿ. ನಿಮ್ಮಪ್ಪನ ಪ್ರತಿಮೆ ಕೆಳಗೆ ಪಕ್ಷದ ಏಳು ಪ್ರತಿಜ್ಞೆ ಕೆತ್ತಿಸ್ತಾರೆ. 'ಇವು ನಮ್ಮ ತಂದೆಯವರದೇ ಮಾತು' ಅಂತ ಈ ಹಾಳೆ ಕೆಳಗೆ ನೀನೊಂದು ಸಹಿ ಹಾಕಿದ್ರೆ, ಕಲ್ಲು ಕೆತ್ತೋನು ಉಳಿ ಕೈಗೆ ತಗೋತಾನೆ.

ಯಾಕೆ ನಗ್ತೀಯ?

ಹೌದಮ್ಮ, ಅವತ್ತು ಪಕ್ಷದಿಂದ ಹೊರಗೆ ಹಾಕಿದವರೇ ಇವತ್ತು ಪ್ರತಿಮೆ ನಿಲ್ಲಿಸ್ತಿದ್ದಾರೆ. ಅದರಲ್ಲೇನಿದೆ? ನಿಮ್ಮಪ್ಪ ಮೇಷ್ಟ್ರು ಬದುಕಿದ್ದಾಗ ಸಭೇಲಿ ಕೂರಿಸೋದೇ ಕಷ್ಟವಾಗಿತ್ತು, ಎದ್ದು ಎದ್ದು ಮಾತಾಡೋರು. ಈಗ ನಿಂತೇ ಇರ್ತಾರೆ, ಯಾರಿಗೂ ತೊಂದರೆ ಇಲ್ಲ.

ಓದಿದೆಯಾ? ಎಲ್ಲಿ... ಎರಡನೆಯದಾ? 'ನಾವು ಹಗಲು ಕುಡಿಯುವುದಿಲ್ಲ.' ಸರಿಯಾಗೇ ಇದೆಯಲ್ಲ. ಓ... ನಿಮ್ಮಪ್ಪ ಬರೆದದ್ದು 'ಎಂದಿಗೂ' ಅಂತ. ನಿಜ. ಮಾತು ಅವರದೇ ತಾಯಿ, ಸ್ವಲ್ಪ... ಓಡಾಡಿದೆ.

ಅದು ಹೇಗಾಯ್ತು ಅಂದ್ರೆ, ಪಕ್ಷ ವರ್ಷಕ್ಕೊಂದು ತರೋ ಪುಸ್ತಕದ ಆ ಪ್ರತಿಜ್ಞೆ ಪುಟಾನ ನಮ್ಮ ಅಚ್ಚುಕೂಟದಲ್ಲಿ ನಾನು ಬಿಚ್ಚುತ್ತಲೇ ಇರಲಿಲ್ಲ. ಸೀಸದ ಅಚ್ಚುಮೊಳೆ ಅಕ್ಷರ ಅಕ್ಷರವಾಗಿ ಜೋಡಿಸಿ, ಸುತ್ತ ದಾರ ಬಿಗಿದು, ಹಲಗೆ ಮೇಲೆ ಇಟ್ಟುಬಿಟ್ಟಿದ್ದೆ. ವರ್ಷಾ ವರ್ಷಾ ಅದೇ ಪುಟ. ಏನಾದ್ರೂ ಬದಲಾಗಬೇಕು ಅಂದ್ರೆ ಆ ಸಾಲಿಗಷ್ಟೇ ಕೈ ಹಾಕಬೇಕು, ತೆಗೆದಷ್ಟೇ ಉದ್ದಕ್ಕೆ ಇನ್ನೊಂದು ಕೂರಿಸಬೇಕು. ಒಂದಕ್ಷರ ಹೆಚ್ಚಾದ್ರೆ ಪುಟವೆಲ್ಲ ಜರುಗುತ್ತೆ. ಅದಕ್ಕೇ ಮುಖಂಡರಿಗೆ ಕೈಮುಗಿದು ಹೇಳ್ತಿದ್ದೆ: ಸ್ವಾಮಿ, ಸಿದ್ಧಾಂತ ಏನು ಬೇಕಾದ್ರೂ ಬದಲಾಯಿಸಿ, ಸಾಲಿನ ಉದ್ದ ಮಾತ್ರ ಬದಲಾಯಿಸಬೇಡಿ.

ಅವರೂ ಒಳ್ಳೆಯವರು, ಕೊನೇವರೆಗೂ ಆ ಮಾತು ನಡೆಸಿಕೊಟ್ಟರು.

'ಎಂದಿಗೂ' ತೆಗೆದೆ, 'ಹಗಲು' ಕೂರಿಸಿದೆ. ಮೂರಕ್ಷರಕ್ಕೆ ಮೂರಕ್ಷರ. ಆಮೇಲೆ 'ಕಂಪನಿಗಳನ್ನು ಊರೊಳಗೆ ಬಿಡುವುದಿಲ್ಲ' ಅಂತ ಇತ್ತು ನೋಡು, ಅದು 'ಕರೆಯುತ್ತೇವೆ' ಆಯ್ತು. ಐದಕ್ಕೆ ಐದು. 'ವಂಶದ ಆಳ್ವಿಕೆ ಒಪ್ಪುವುದಿಲ್ಲ' ಅನ್ನೋದು ಪಕ್ಷದ ನಾಯಕರು ವಕೀಲರ ಮಗ ಅಪ್ಪನ ಗಾದಿಗೆ ಬರೋ ವರ್ಷ ಸ್ವಲ್ಪ ಕಿರಿಕಿರಿ ಮಾಡ್ತು. ವಾರವೆಲ್ಲ ತಲೆ ಕೆಡಿಸಿಕೊಂಡರು. ನಾನೇ ಒಂದು ಮಾತು ಸೂಚಿಸಿದೆ... 'ಅವರ ಆಳ್ವಿಕೆ ಒಪ್ಪುವುದಿಲ್ಲ'. ಯಾರ ಆಳ್ವಿಕೆ ಅಂತ ಆಯಾ ವರ್ಷ ಅಂದುಕೊಂಡರಾಯ್ತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಅಂದೆ, ನನ್ನದೇನಿದೆ, ಮೇಲಿನವನು ಕೊಟ್ಟ ಬುದ್ಧಿ. ಮೊಳೆ ಮುಟ್ಟೋ ಮುಂಚೆ ದೇವರನ್ನ ನೆನೆಯದ ದಿನ ಇಲ್ಲ ತಾಯಿ, ನಿನಗೇ ಗೊತ್ತು.

ಮತ್ತೆ ನಗ್ತೀಯಲ್ಲ! ನಗು, ನಗು. ನಿಮ್ಮಪ್ಪನೂ ಹೀಗೇ, ಒಂದು ಕಡೆ ತುಟಿ ಎತ್ತಿ ನಗೋರು.

ಏನಂದೆ? ಮೊದಲು ಬದಲಾದದ್ದು ಯಾವುದು ಅಂತಾನಾ?

ಅದು... ಮೊದಲು ಆರನೆಯದು. ಆಗ ಇನ್ನೂ ಮೇಷ್ಟ್ರು ಪಕ್ಷದಲ್ಲೇ ಇದ್ದರು. ಮುಂಚೆ ಹೀಗಿತ್ತು, 'ನಾಯಕ ದಾರಿ ತಪ್ಪಿದರೆ ಸಭೆಯಲ್ಲೇ ಎದ್ದು ಹೇಳುತ್ತೇವೆ.' ಆಮೇಲೆ, 'ನಾಯಕ ತೋರಿದ ದಾರಿಯಲ್ಲಿ ಎದುರಾಡದೆ ನಡೆಯುತ್ತೇವೆ.' ವಕೀಲರು ಹೊಸದಾಗಿ ನಾಯಕರಾಗಿದ್ದರು. ಒಂದು ದಿನ ಅಚ್ಚುಕೂಟಕ್ಕೆ ಬಂದು, 'ಅಣ್ಣಾ, ಒಳಗೆ ಎರಡು ಗುಂಪಾಗ್ತಿದೆ. ಆರು ತಿಂಗಳು ಈ ಸಾಲು ಇರಲಿ, ಮನೆ ಒಡೀದೆ ಉಳೀಲಿ, ಆಮೇಲೆ ಹಳೇದನ್ನೇ ಹಾಕು' ಅಂದರು. ಕಣ್ಣಲ್ಲಿ ನೀರಿತ್ತು. ಮನೆ ಒಡೆಯೋದು ಭಗವಂತನಿಗೆ ಮೆಚ್ಚುಗೆಯಾ, ನೀನೇ ಹೇಳು?

ಆರು ತಿಂಗಳು ಆಯ್ತು... ಮೂವತ್ತೈದು ವರ್ಷ ಆಯ್ತು. ಯಾರೂ ಎದ್ದು ಕೇಳಲಿಲ್ಲ. ಕೇಳೋ ಸಾಲನ್ನೇ ತೆಗೆದಿದ್ದೆವಲ್ಲ. ಉಳಿದ ಸಾಲುಗಳೆಲ್ಲ ಅದಾದ ಮೇಲೆ ಸಲೀಸಾಗಿ ಬಿಚ್ಚಿಕೊಂಡು ಬಂದವು.

ಮೇಷ್ಟ್ರಾ? ಮೇಷ್ಟ್ರು ಒಪ್ಪಿದರು. ಅವರು ಪಕ್ಷದಲ್ಲಿ ಇರೋವರೆಗೂ, ಅವರು ಸಹಿ ಹಾಕದೆ ಆ ಪುಟ ಯಾವ ವರ್ಷವೂ ಅಚ್ಚಾದದ್ದಿಲ್ಲ. ಕರಡು ಹಾಳೆ ನಾನೇ ನಿಮ್ಮ ಮನೆಗೆ ತಂದೆ. ಅವರೇ ಓದಿ ಸಹಿ ಹಾಕಿದರು. ಆಮೇಲೆ ಅವರನ್ನ ಹೊರಗೆ ಹಾಕಿದ ಶಿಸ್ತು ಸಮಿತಿ ಮುಂದೆಯೂ ಇದನ್ನೇ ಹೇಳಿದೀನಿ. ಸಹಿ ಹಾಕಿ ಎರಡು ತಿಂಗಳಾದ ಮೇಲೆ ಮಹಾಸಭೇಲಿ ಎದ್ದು 'ವಕೀಲರು ದಾರಿ ತಪ್ಪಿದ್ದಾರೆ' ಅಂದುಬಿಟ್ಟರಲ್ಲ, ಆಗ ವಕೀಲರು ಪುಸ್ತಕ ತೆಗೆದು ಆರನೆಯದು ಓದಿದರು, ಕರಡು ಹಾಳೆ ಕೆಳಗಿನ ಸಹಿ ತೋರಿಸಿದರು. ನಿಮ್ಮಪ್ಪ ಅದನ್ನ ಮೂಗಿನ ಹತ್ತಿರ ಹಿಡಿದು ಓದಿದರು. ಆಮೇಲೆ ತಲೆ ಎತ್ತಿ ಸಭೇಲಿ ಯಾರನ್ನೋ ಹುಡುಕಿದರು. ಸಿಕ್ಕಿದರು ಅನ್ನಿಸುತ್ತೆ. ಚೀಲ ತಗೊಂಡು ಹೊರಟುಹೋದರು. ಜನ, 'ಪಾಪ, ವಯಸ್ಸಾಯ್ತು, ಸಹಿ ಹಾಕಿದ್ದೂ ಮರೆತಿದ್ದಾರೆ' ಅಂದರು.

ನೀನೂ ಹಾಗೇ ಅಂದುಕೋ ತಾಯಿ. ಅದರಲ್ಲಿ ಅವಮಾನ ಏನಿದೆ? ಸಹಿ ಹಾಕು.

...ಮಿಷನ್ನು ಯಾಕೆ ನಿಲ್ಲಿಸಿದೆ?

ದಾರ ಕಿತ್ತುಹೋಯ್ತಾ? ಇಲ್ಲವಲ್ಲ... ಇಲ್ಲಿದೆ, ಸರಿಯಾಗೇ ಇದೆ. ತುಳಿ ಮತ್ತೆ. ಆ ಸದ್ದಿದ್ರೆ ನನಗೂ ಮಾತಾಡೋಕೆ ಒಂದು...

ಹೇಳಿದೆನಲ್ಲ, ಅವರೇ ಓದಿದರು. ನಿಧಾನವಾಗಿ, ಏಳಕ್ಕೆ ಏಳೂ.

ಹಾಗೆ ನೋಡಬೇಡ.

ಬೈಯಬೇಕಾದ್ರೆ ಬೈಯಿ. 'ಅಲ್ಲ' ಅನ್ನು. ಏನಾದ್ರೂ ಅನ್ನು ಮಗಳೇ... ಹೀಗೆ ಸುಮ್ಮನೆ ಕೂತರೆ...

ಸರಿ. ಕಣ್ಣಿಗೆ ಪಟ್ಟಿ ಇತ್ತು. ಆಪರೇಷನ್ ಆಗಿ ನಾಲ್ಕು ದಿನ. ಇನ್ನೊಂದು ಕಣ್ಣಲ್ಲಿ ಮೊದಲಿಂದಲೇ ಮಂಜು. ಅವರೇ ಓದಿದರು ಅಂದೆ... ಹೇಗೆ ಓದ್ತಾರೆ, ನಾನೇ ಓದಿ ಹೇಳಿದೆ. ಅದೂ ಓದಿದ ಹಾಗೇ ತಾನೆ? ದಿಂಬಿಗೆ ಒರಗಿ ಕೂತಿದ್ದರು. ಬಾಗಿಲು ಮುಂದಕ್ಕೆ ಹಾಕಿತ್ತು, ಕೋಣೇಲಿ ನಾವಿಬ್ಬರೇ...

ಅಲ್ಲ. ನಾವಿಬ್ಬರೇ ಅಲ್ಲ. ಕಾಲ ಹತ್ತಿರ ನೀನಿದ್ದೆ. ಔಷಧದ ಸೀಸೆ ಹಿಡಿದುಕೊಂಡು, ಯಾವಾಗ ಮುಗಿಸ್ತಾನೆ ಈ ಮುದುಕ ಅಂತ ಕಾಯ್ತಾ... ಆಗ ನಾನೇನು ಮುದುಕನಲ್ಲ. ನಿನಗೆ ಹದಿನಾರೋ ಹದಿನೇಳೋ.

ನೀನು ಕೇಳಿಸಿಕೊಂಡೆ.

ಇಷ್ಟು ವರ್ಷ ಎದುರಿಗೆ ಸಿಕ್ಕಾಗಲೆಲ್ಲ 'ಚೆನ್ನಾಗಿದೀರಾ ಮಾಮ' ಅಂತ ಕೇಳಿದೆಯಲ್ಲ ಮಗಳೇ... ಆಗಲೂ ಗೊತ್ತಿತ್ತಾ?

ನಾನು ಸುಳ್ಳು ಓದಲಿಲ್ಲ. ಭಗವಂತನ ಮೇಲೆ ಆಣೆ, ಒಂದಕ್ಷರ ಸುಳ್ಳು ಓದಲಿಲ್ಲ. 'ನಾಯಕ ದಾರಿ ತಪ್ಪಿದರೆ ಸಭೆಯಲ್ಲೇ ಎದ್ದು ಹೇಳುತ್ತೇವೆ' ಅಂತಲೇ ಓದಿದೆ. ಮೇಷ್ಟ್ರು ಬರೆದದ್ದು ಬರೆದ ಹಾಗೇ. ಹಾಳೇಲಿ ಅದಿರಲಿಲ್ಲ, ಅಷ್ಟೆ.

ವಕೀಲರು ಅತ್ತದ್ದಕ್ಕೆ ಮಾಡಿದೆ ಅಂತ ಇಷ್ಟು ದಿನ ದೇವರ ಮುಂದೆಯೂ ಹೇಳಿಕೊಂಡು ಬಂದೆ. ಅತ್ತದ್ದು ನಿಜ. ಆದರೆ ಆ ಹೊಸ ಸಾಲು... ಅಷ್ಟು ಚೆನ್ನಾಗಿ ಕೂತಿತ್ತು ತಾಯಿ. ಕೂದಲೆಳೆಯಷ್ಟು ಸಂದಿಲ್ಲ. ಹಿಂದಿನ ದಿನ ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ್ದೆ. ಅದನ್ನ ಮತ್ತೆ ಕೀಳೋಕೆ ಮನಸ್ಸು ಬರಲಿಲ್ಲ.

ಓದಿ ಮುಗಿಸಿದೆ. ಮೇಷ್ಟ್ರು, 'ನೀನು ಓದಿದ ಮೇಲೆ ನಾನೇನು ನೋಡೋದಯ್ಯ, ಎಲ್ಲಿ ಹಾಕಲಿ ಸಹಿ?' ಅಂದರು. ಗಾಳೀಲಿ ಪೆನ್ನು ಹಿಡಿದು ಹುಡುಕ್ತಾ ಇದ್ದರು.

ಅವರ ಬೆರಳು ಹಿಡಿದು ಜಾಗ ತೋರಿಸಿದವನೂ ನಾನೇ.