ಹೂಜಿಯ ಬಾಯಿಗೆ ಅರಿವೆ

ಖಾನಾಪುರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ವಯಸ್ಸಾದ ಗೆಳತಿಯರು ಕೂತಿದ್ದರು. ವಡಗಾವಿಯ ಅಕ್ಕಾತಾಯಿಯ ಮಡಿಲಲ್ಲಿ ಒಂದು ಕುಂಡವಿತ್ತು. ಗಿಡದ ಎಲೆಗಳ ತುದಿಗೆ ಪುಟ್ಟ ಹೂಜಿಗಳು ಜೋತಿದ್ದವು. ಪ್ರತಿಯೊಂದರ ಬಾಯಿಗೂ ಬಿಳಿ ಅರಿವೆ ಕಟ್ಟಿತ್ತು.

“ಇದು ಹುಳ ತಿನ್ನೂ ಗಿಡ ಅಲ್ಲೇನ್ರಿ? ಜೈನರ ಮನ್ಯಾಗ?” ಎಂದರು ಪಕ್ಕದ ಕಾಶೀಬಾಯಿ.

“ನಮ್ಮನ್ಯಾಗ ತಿಂದಿಲ್ಲ. ನೀರು ಸೋಸೂ ಅರಿವಿ ಕಟ್ಟೇನಿ. ಒಳಗ ಎರಡು ಕಾಳು ಗೊಬ್ಬರ ಹಾಕ್ತೇನಿ.”

“ಎಲ್ಲಿಂದ ತಂದ್ರಿ?”

“ತರೂದೇನು ಬಂತು? ನಾನ ಬೀಜ ಕಟ್ಟಿಸೇನಿ. ಮೂರು ವರ್ಷದ ಹಿಂದ ಗಂಡು ಗಿಡ ಜೂನದಾಗ ಹೂ ಬಿಟ್ಟಿತ್ತು, ಹೆಣ್ಣು ಗಿಡ ದೀಪಾವಳಿಗೆ.”

“ಮತ್ತ ಹೆಂಗ ಕೂಡಿಸಿದ್ರಿ?”

“ಗಂಡು ಹೂವಿನ ಪರಾಗ ಒಣಗಿಸಿ ಸಣ್ಣ ಬಾಟ್ಲ್ಯಾಗ ತುಂಬಿ, ಐದು ತಿಂಗಳು ಫ್ರೀಜರದಾಗ ಇಟ್ಟಿದ್ದೆ. ಹೆಣ್ಣು ಹೂ ಅರಳಿದ ಮ್ಯಾಲ ಬ್ರಶ್ಶಿಲೆ ಹಚ್ಚಿದೆ. ನಮ್ಮ ಮಗ ನೇಮಣ್ಣ ನಕ್ಕಿದ್ದ. ಈಗ ಬಂದವ್ರಿಗೆಲ್ಲಾ ಅವನೇ ತೋರಸ್ತಾನ, ‘ಅವ್ವ ಮಾಡ್ಯಾಳ’ ಅಂತ.”

“ಹುಳ ತಿನ್ಲಾರದೆ ಬೀಜ ಕಟ್ಟಿತೇನ್ರಿ?”

“ಮುನ್ನೂರು ಸಸಿ ಎದ್ದಾವ. ಒಂದಕ್ಕೂ ಇನ್ನಾ ಸೊಳ್ಳಿ ರುಚಿ ಗೊತ್ತಿಲ್ಲ. ಇದನ್ನ ಮಗಳಿಗೆ ಒಯ್ಯಾಕತ್ತೇನಿ.”

“ನನಗೂ ಒಂದು ಕೊಡ್ರಲ್ಲಾ. ಮನಿ ತುಂಬ ಸೊಳ್ಳಿ ಅದಾವ.”

“ಅದಕ್ಕಾದ್ರ ಸೊಳ್ಳಿ ಪರದೆ ತಗೋರಿ.”

ಖಾನಾಪುರ ಬಂತು. ಅಕ್ಕಾತಾಯಿ ಏಳುವಾಗ ಒಂದು ಹೂಜಿಯ ಅರಿವೆ ಜಾರಿತು. ಅಂಚಿನಲ್ಲಿ ಇರುವೆಯೊಂದು ಹರಿಯುತ್ತಿತ್ತು. ಕಾಶೀಬಾಯಿ ಅದನ್ನು ಬೆರಳಿಗೆ ಹತ್ತಿಸಿಕೊಂಡು ಕಿಟಕಿಯ ಮೇಲೆ ಬಿಟ್ಟು, ಅರಿವೆಯನ್ನು ಮತ್ತೆ ಕಟ್ಟಿದರು.

ಅಕ್ಕಾತಾಯಿ ಕುಂಡವನ್ನು ಅವರ ಕೈಗಿಟ್ಟರು.

“ಮಗಳಿಗೆ ಇನ್ನೊಂದು ತಂದ್ರಾತು. ಅರಿವಿ ದಿನಾ ತೊಳೀರಿ,” ಎನ್ನುತ್ತ ಮುಂದೆ ಹೋಗಿ ಇಳಿದರು.