ಎದ್ದು ನಿಂತ ಸಭೆ

ಒಂದು ದೇಶ. ಆ ದೇಶದಲ್ಲಿ ಒಬ್ಬಳು ತಾಯಿ. ಮನೆಗೆ ತಾಯಿ, ದೇಶದ ಮಹಾಸಭೆಗೆ ಸದಸ್ಯೆ. ಒಂದು ಬೆಳಿಗ್ಗೆ ಆಕೆ ಕಾವಲಿಗೆ ದೋಸೆ ಹುಯ್ಯುತ್ತಿರುವಾಗ ಅಂಚೆಯವನು ಬಾಗಿಲು ತಟ್ಟಿದ. ಹಿಮದ ಬೆಟ್ಟದಲ್ಲಿ ಗಡಿ ಕಾಯುವ ಮಗನ ಕಾಗದ. ಚಿಕ್ಕ ಮಗಳು ಓದಿದಳು.

“ಅಮ್ಮ, ನಾವೆಲ್ಲ ಆರಾಮ. ಮೂರು ಜನಕ್ಕೆ ಒಂದು ಕಂಬಳಿ. ನಡುವೆ ಮಲಗಿದವನೇ ಮಹಾರಾಜ. ಈ ವಾರ ನಾನು ಅಂಚಿನವನು. ಕಾಲ್ಬೆರಳು ನನ್ನ ಮಾತೇ ಕೇಳ್ತಿಲ್ಲ.”

ದೋಸೆ ಸೀದುಹೋಯಿತು. ಹೋದ ವರ್ಷವಷ್ಟೇ ಸಭೆ ಪ್ರತಿ ಸೈನಿಕನಿಗೂ ಎರಡೆರಡು ಕಂಬಳಿಗೆ ಹಣ ಕೊಟ್ಟಿತ್ತು. ಆಕೆಯೂ ಒಪ್ಪಿದ್ದಳು.

ಹೇಗೆ ಒಪ್ಪಿದ್ದಳು? ಕೇಳಿ. ಆ ಸಭೆಯಲ್ಲಿ ಒಂದು ಕೆರೆಯ ತೂಬು ರಿಪೇರಿಗೂ ದಿನವಿಡೀ ಜಗಳ. ಆದರೆ ಸೇನೆಯ ಖರ್ಚಿನ ಪತ್ರ ಓದುವಾಗ ಎಲ್ಲರೂ ಎದ್ದು ಕೈಮುಗಿದು ನಿಲ್ಲಬೇಕು. ನಿಂತವರು ಮಾತಾಡುವಂತಿಲ್ಲ. ಮತ್ತೆ ಕೂರುವಷ್ಟರಲ್ಲಿ ಅಧ್ಯಕ್ಷರು ಒಪ್ಪಿಗೆಯಾಯಿತು ಎಂದಿರುತ್ತಿದ್ದರು. ಇದು ಕಳ್ಳರು ಮಾಡಿದ ಪದ್ಧತಿಯಲ್ಲ, ನೋಡಿ. ಹಿಂದೊಮ್ಮೆ ಯುದ್ಧದಲ್ಲಿ ಮಡಿದವರನ್ನು ನೆನೆದು ಹಿರಿಯರೊಬ್ಬರು ಎದ್ದು ನಿಂತರು. ಉಳಿದವರೂ ನಿಂತರು. ಅಷ್ಟೇ.

ಅಂದೇ ಆ ವರ್ಷದ ಪತ್ರ ಓದುವ ದಿನ. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಹೋದ ವರ್ಷ ನಿಂತು ಒಪ್ಪಿದ ಕಂಬಳಿಗಳ ಕಥೆಯನ್ನು ದಾರಿಯಲ್ಲಿ ಹೇಳುತ್ತಾ ಮಗಳನ್ನೂ ಕರೆದೊಯ್ದು, ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಕೂರಿಸಿದಳು. ಪಕ್ಕದ ಸದಸ್ಯರಿಗೆ ಕಾಗದ ತೋರಿಸಿದಳು. ಅವರ ಕಣ್ಣು ತುಂಬಿತು. ಆದರೂ ತಗ್ಗಿದ ದನಿಯಲ್ಲಿ ಹೇಳಿದರು: “ಇವತ್ತು ಬೇಡ, ತಾಯಿ. ಸೈನಿಕರ ವಿಷಯದಲ್ಲಿ ಬಾಯಿ ಬಿಟ್ಟರೆ ಜನ ನಮ್ಮನ್ನ ಏನಂದ್ಕೊಳ್ತಾರೆ?”

ಅಧ್ಯಕ್ಷರು ಪತ್ರ ಓದತೊಡಗಿದರು. ಐನೂರು ಜನ ಒಟ್ಟಿಗೆ ಎದ್ದರು. ಅಬ್ಬಾ, ಎಂಥ ಮೌನ! ಅಷ್ಟೆತ್ತರದ ಗುಮ್ಮಟದ ಕೆಳಗೆ ಓದುವ ದನಿ ಬಿಟ್ಟರೆ ಒಂದು ಉಸಿರಿನ ಸದ್ದೂ ಇಲ್ಲ. ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಆ ಗೌರವ ಸುಳ್ಳಲ್ಲ. ತಾಯಿಯೂ ನಿಂತಳು. ಪತ್ರದಲ್ಲಿ ಮತ್ತೆ ಅದೇ ಸಾಲು ಬಂತು: ಪ್ರತಿ ಸೈನಿಕನಿಗೆ ಎರಡು ಕಂಬಳಿ. ಆಕೆ ಮಗನ ಕಾಗದವನ್ನು ಅಂಗೈಗಳ ನಡುವೆ ಅದುಮಿದಳು. ಮುಗಿದ ಕೈ ಬಿಡಲಿಲ್ಲ.

ಆಕೆಯನ್ನು ಬೈಯಬೇಡಿ. ನಾವೇನು ಮಾಡುತ್ತೇವೆ? ಸೈನಿಕರ ಹೆಸರು ಬಂದರೆ ಕೈಮುಗಿಯುತ್ತೇವೆ, ಮುಗಿಯಲೇಬೇಕು. ಆದರೆ ಮುಗಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿಯುತ್ತೇವೆ. ನಾಳೆ ನಿಮ್ಮ ಪ್ರತಿನಿಧಿ ಮನೆ ಬಾಗಿಲಿಗೆ ಬಂದಾಗ ಕುಡಿಯಲು ನೀರು ಕೊಡಿ, ಕೂರಿಸಿ, ಆಮೇಲೆ ಕೇಳಿ: ಗಡಿಯಲ್ಲಿರುವ ಮಕ್ಕಳಿಗೆಂದು ಕೊಟ್ಟದ್ದು ಆ ಮಕ್ಕಳ ಕೈ ಸೇರಿತೇ, ನೀವು ವಿಚಾರಿಸಿದಿರಾ? ಹಾಗೆ ಕೇಳುವುದೂ ಪೂಜೆಯೇ. ನಿಮ್ಮ ಮನೆಯ ಮಗು ದೊಡ್ಡವರೆದುರು ಪ್ರಶ್ನೆ ಎತ್ತಿದರೆ ಸುಮ್ಮನಿರು ಎಂದು ಗದರಬೇಡಿ. ಯಾಕೆ ಹೇಳುತ್ತೇನೆಂದರೆ, ಆ ದಿನ ಪತ್ರ ಮುಗಿದು, ಅಧ್ಯಕ್ಷರು ಒಪ್ಪಿಗೆ ಸಾರಲು ತಲೆ ಎತ್ತಿದಾಗ, ಆ ಮಹಾಮೌನದೊಳಗೆ ಮೇಲಿನಿಂದ ಒಂದು ಪುಟ್ಟ ದನಿ ಇಳಿದು ಬಂತು:

“ಅಮ್ಮಾ, ಹೋದ ವರ್ಷಾನೂ ಹಿಂಗೇ ನಿಂತಿದ್ದೆ ಅಲ್ವಾ? ಆ ಕಂಬಳಿಯೆಲ್ಲ ಎಲ್ಲಿಗೆ ಹೋದ್ವು?”